ರಾಕ್ಷಸ ಯಾಕೆ ಕಾಯುತ್ತಾನೆ?

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪಿನಲ್ಲಿ ‘ಸೈಲರ್ ಮೂನ್’ ನೋಡುತ್ತಾ ಕೂತಿದ್ದಳು. ಹತ್ತು ವರ್ಷದ ಹುಡುಗಿ. ಪಕ್ಕದಲ್ಲಿ ನಾನು ಪೇಪರ್ ಓದುವವನಂತೆ ಕೂತು ಕಣ್ಣೆಲ್ಲ ಅತ್ತಲೇ ಇಟ್ಟಿದ್ದೆ. ತೆರೆಯ ಮೇಲೆ ರಾಕ್ಷಸ ಬಾಯಿ ತೆರೆದು ನಿಂತಿದ್ದಾನೆ. ನಾಯಕಿ ಉಸಾಗಿ ಕೈಯೆತ್ತಿ ಮಂತ್ರ ಹೇಳುತ್ತಾಳೆ. ರಿಬ್ಬನ್ನುಗಳು ಹಾರಿಬಂದು ಮೈ ಸುತ್ತುತ್ತವೆ, ಬೂಟು ಬರುತ್ತದೆ, ಕಿರೀಟ ಬರುತ್ತದೆ, ಕಿವಿಯೋಲೆಯೂ ಬರುತ್ತದೆ. ಇಷ್ಟೆಲ್ಲ ಮುಗಿಯುವ ತನಕ ರಾಕ್ಷಸ ಬಸ್ಸಿಗೆ ಕಾಯುವವನ ಹಾಗೆ ಸುಮ್ಮನಿದ್ದ. ನನಗೆ ನಗು ತಡೆಯಲಾಗಲಿಲ್ಲ.

“ಯಾಕ್ ಮಾಮ ನಗ್ತೀಯ?”

“ಅಲ್ಲ ಕಣೇ, ಅಷ್ಟೊತ್ತು ಅವನ್ಯಾಕೆ ಸುಮ್ನೆ ನಿಂತಿದ್ದ? ಒಂದೇಟು ಹಾಕಿದ್ರೆ ಕತೆ ಮುಗೀತಿತ್ತಲ್ಲ?”

ಅವಳು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು. ಸಂಜೆಯ ತನಕ ಮಾತಿಲ್ಲ.

ನನ್ನದೇ ಎಂದು ಬೀಗಿದ ಆ ಜೋಕು ತುಂಬ ಹಳೆಯದು ಎಂದು ಆಮೇಲೆ ಗೊತ್ತಾಯಿತು. ಜಪಾನಿನವರು ‘ಮಹೋ ಶೋಜೊ’ ಎಂದು ಕರೆಯುವ, ನಾನು ಇಲ್ಲಿ ಮಾಯಾಬಾಲೆ ಎಂದು ಕರೆಯಲಿರುವ ಈ ಕಥಾಪ್ರಕಾರದ ಅಭಿಮಾನಿಗಳು ದಶಕಗಳಿಂದ ಇದೇ ಪ್ರಶ್ನೆಯನ್ನು ಹಾಕಿಕೊಂಡು ನಗುತ್ತಾ ಬಂದಿದ್ದಾರೆ. ಉತ್ತರವೇನೋ ಇದೆ, ಆದರೆ ಅದು ಕತೆಯೊಳಗಿನದಲ್ಲ, ಖರ್ಚಿನದು. 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಧಾರಾವಾಹಿಯನ್ನು ಟಿವಿಗೆ ತಂದಾಗ ವಾರಕ್ಕೊಂದು ಅರ್ಧ ಗಂಟೆಯ ಕಂತನ್ನು ಪುಡಿಗಾಸಿನಲ್ಲಿ ಮುಗಿಸಬೇಕಿತ್ತು. ಒಮ್ಮೆ ಬರೆದ ಚಿತ್ರಗಳನ್ನು ಜೋಪಾನವಾಗಿಟ್ಟು ಮತ್ತೆ ಮತ್ತೆ ಬಳಸುವುದು ರೂಢಿಯಾಯಿತು. ಅದಕ್ಕೆ ಅವರಿಟ್ಟ ಹೆಸರು ‘ಬ್ಯಾಂಕ್’. ಮಾಯಾಬಾಲೆಯ ರೂಪಾಂತರ ಈ ಬ್ಯಾಂಕಿನ ಬಹುದೊಡ್ಡ ಠೇವಣಿ. ಒಂದು ಸಲ ಚೆನ್ನಾಗಿ ಬರೆದಿಟ್ಟರೆ ವಾರವಾರವೂ ಅಷ್ಟು ಹೊತ್ತಿನ ಕೆಲಸ ಉಳಿತಾಯ. ಬಯಲಾಟದಲ್ಲಿ ದೊರೆಯ ಒಡ್ಡೋಲಗ ಮುಗಿಯುವ ತನಕ ವೈರಿ ಚೌಕಿಯಲ್ಲೇ ಕಾಯುತ್ತಾನೆ, ಅದಕ್ಕೆ ನಾವ್ಯಾರೂ ನಗುವುದಿಲ್ಲ. ಪಾಪ, ಇವನಿಗೆ ಚೌಕಿ ಇಲ್ಲ.

ನಗು ಹೊರಗಿನಿಂದ ಬಂದು ಈ ಕತೆಗಳಿಗೆ ಅಂಟಿಕೊಂಡದ್ದು ಎಂದು ಮೊದಲು ಅಂದುಕೊಂಡಿದ್ದೆ. ಅದು ತಪ್ಪು. ‘ಹಿಮಿತ್ಸು ನೊ ಅಕ್ಕೊ-ಚಾನ್’ ಎಂಬ ಮಾಂಗಾ 1962ರಲ್ಲಿ ‘ರಿಬೊನ್’ ಎಂಬ ಹುಡುಗಿಯರ ಪತ್ರಿಕೆಯಲ್ಲಿ ಶುರುವಾಯಿತು. ಮಾಯದ ಕನ್ನಡಿ ಹಿಡಿದು ಬೇಕಾದ ರೂಪ ತಾಳುವ ಹುಡುಗಿಯ ಕತೆ. ಬರೆದವರು ಫುಜಿಯೊ ಅಕಾತ್ಸುಕಾ, ಜಪಾನಿನ ಹಾಸ್ಯ ಮಾಂಗಾದ ದೊರೆಯೆನಿಸಿಕೊಂಡವರು, ಒಂದೇ ಮುಖದ ಆರು ಮಂದಿ ಅಣ್ಣತಮ್ಮಂದಿರ ‘ಒಸೊಮಾತ್ಸು-ಕುನ್’ ಬರೆದು ದೇಶವನ್ನು ನಗಿಸಿದವರು. ಟಿವಿಗೆ ಮೊದಲು ಬಂದ ಮಾಯಾಬಾಲೆ, 1966ರ ‘ಸ್ಯಾಲಿ’, ಹುಟ್ಟಿದ್ದು ‘ಬಿವಿಚ್ಡ್’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯ ಪ್ರೇರಣೆಯಿಂದ. ಇಬ್ಬರೂ ತೊಟ್ಟಿಲಲ್ಲೇ ನಗು ಕೇಳಿಸಿಕೊಂಡವರು. 1982ರ ‘ಮಿಂಕಿ ಮೊಮೊ’ ಇನ್ನೂ ತಮಾಷೆ. ಮೊಮೊ ಎಂದರೆ ಪೀಚ್ ಹಣ್ಣು. ಅವಳ ಬೆನ್ನಿಗೆ ನಾಯಿ, ಕೋತಿ, ಹಕ್ಕಿ. ಪೀಚ್ ಹಣ್ಣಿನಿಂದ ಹುಟ್ಟಿ ಇದೇ ಮೂರು ಪ್ರಾಣಿಗಳೊಂದಿಗೆ ರಾಕ್ಷಸರನ್ನು ಗೆದ್ದ ಮೊಮೊತಾರೊ ಎಂಬ ಜಾನಪದ ವೀರನ ಜಾಗದಲ್ಲಿ ಫ್ರಾಕು ತೊಟ್ಟ ಹುಡುಗಿ!

ಈ ಮೊಮೊಳ ಗತಿ ಮಾತ್ರ ನಗುವಂಥದ್ದಲ್ಲ. ಧಾರಾವಾಹಿಗೆ ದುಡ್ಡು ಹಾಕಿದ್ದು ಆಟಿಕೆ ಕಂಪನಿ. ಆಟಿಕೆಗಳ ವ್ಯಾಪಾರ ಕುದುರಲಿಲ್ಲ, ಕಂಪನಿ ಕೈಬಿಡಲು ಹೊರಟಿತು. 46ನೆಯ ಕಂತಿನಲ್ಲಿ, ಮಂತ್ರಶಕ್ತಿ ಕಳೆದುಕೊಂಡ ಮೊಮೊ ಒಂದು ಲಾರಿಯಡಿ ಸಿಕ್ಕಿ ಸಾಯುತ್ತಾಳೆ. ಲಾರಿಯ ತುಂಬ ಆಟಿಕೆಗಳು. ಕತೆಗಾರರು ಹಣ ಹಾಕಿದವರಿಗೆ ಕೊಟ್ಟ ಏಟು ಇದು ಎಂದು ಅಭಿಮಾನಿಗಳು ಇವತ್ತಿಗೂ ಹೇಳಿ ನಗುತ್ತಾರೆ. ಆ ಸಂಜೆ ಟಿವಿ ಮುಂದೆ ಕೂತಿದ್ದ ಏಳೆಂಟು ವರ್ಷದ ಹುಡುಗಿಯರಿಗೆ ಈ ಜೋಕು ತಿಳಿದಿರಲಾರದು. ಅವರು ಕಂಡದ್ದು ಒಂದು ಸಾವು.

ನನ್ನನ್ನು ಕಾಡಿದ್ದು ಇದೇ. ಹುಡುಗಿಯರಿಗಾಗಿ ಮಾಡಿದ ಕತೆಯಲ್ಲಿ ದೊಡ್ಡವರು ನಗಲು ಶುರುಮಾಡಿದರೆ ಹುಡುಗಿಯರು ಎಲ್ಲಿಗೆ ಹೋಗಬೇಕು? ಟೋಕಿಯೊದಲ್ಲಿ 1975ರ ಡಿಸೆಂಬರಿನಲ್ಲಿ ಮೊದಲ ‘ಕಾಮಿಕೆಟ್’ ನಡೆಯಿತು. ಅಭಿಮಾನಿಗಳು ತಾವೇ ಬರೆದು ಅಚ್ಚುಹಾಕಿಸಿದ ಪುಸ್ತಿಕೆಗಳ ಸಂತೆ ಅದು. 32 ಬಳಗಗಳು, ಸುಮಾರು 700 ಜನ. ಬಂದವರಲ್ಲಿ ಬಹುಪಾಲು ಶಾಲೆಯ ಹುಡುಗಿಯರು. ಅಣಕದ ಸಂತೆಯನ್ನು ತುಂಬಿಸಿದವರೇ ಅವರು. ಮೊಮೊಳ ಕಾಲಕ್ಕೆ ಮಾಯಾಬಾಲೆಯರ ಸುತ್ತ ಯುವಕರ ಗುಂಪೂ ಸೇರಿತು. ಅವರ ಪುಸ್ತಿಕೆಗಳಲ್ಲಿ ಜಾಣತನದವು ಇದ್ದವು. ತಮಾಷೆಯ ಹೆಸರಿನಲ್ಲಿ ಮಕ್ಕಳ ಪಾತ್ರಗಳ ಬಟ್ಟೆ ಬಿಚ್ಚಿದವೂ ಇದ್ದವು. ಎರಡನೆಯದನ್ನು ನಾನು ಅಣಕವೆನ್ನಲಾರೆ.

ಆದರೂ ಒಂದು ವಿಚಿತ್ರ ನಡೆಯಿತು. 1994ರಲ್ಲಿ ‘ತೆಂಚಿ ಮುಯೊ’ ಎಂಬ ಸರಣಿಯ ಒಂದು ವಿಶೇಷ ಕಂತಿನಲ್ಲಿ ಒಬ್ಬಳು ಬಡಾಯಿ ಕತೆ ಬಿಡುತ್ತಾಳೆ. ಆ ಬಡಾಯಿಯಲ್ಲಿ ಸಾಸಾಮಿ ಎಂಬ ಪುಟ್ಟ ಹುಡುಗಿ ಮಾಯಾಬಾಲೆಯಾಗಿ ಕುಣಿದುಹೋಗುತ್ತಾಳೆ. ನಗಿಸಲು ಮಾಡಿದ ಪ್ರಸಂಗ, ಅಷ್ಟೇ. ಜನ ಎಷ್ಟು ಮೆಚ್ಚಿದರೆಂದರೆ ಮರುವರ್ಷವೇ ಅವಳು ‘ಪ್ರೆಟಿ ಸ್ಯಾಮಿ’ ಎಂಬ ಹೆಸರಿನಲ್ಲಿ ಸ್ವಂತ ಸರಣಿ ಪಡೆದಳು. ‘ನಾನೊಹಾ’ ಕೂಡ ಹೀಗೇ. ವಯಸ್ಕರ ವಿಡಿಯೋ ಗೇಮೊಂದರಲ್ಲಿ ನಾಯಕನ ತಂಗಿಯಾಗಿದ್ದವಳು ಆ ಗೇಮಿನ ಹಾಸ್ಯದ ಬಾಲಂಗೋಚಿಯೊಂದರಲ್ಲಿ ಮಂತ್ರದಂಡ ಹಿಡಿದಳು. 2004ರಲ್ಲಿ ಅವಳದೇ ಟಿವಿ ಧಾರಾವಾಹಿ ಬಂತು. ಅದರಲ್ಲಿ ಅವಳ ಪದ್ಧತಿ ಇಷ್ಟೇ: ಎದುರಾಳಿಯ ಮೇಲೆ ಬೆಳಕಿನ ಫಿರಂಗಿ ಹಾರಿಸಿ ನೆಲಕ್ಕುರುಳಿಸುವುದು, ಆಮೇಲೆ ಕೈ ಚಾಚಿ ಗೆಳತಿಯಾಗುವುದು. ಅಭಿಮಾನಿಗಳ ಭಾಷೆಯಲ್ಲಿ ‘ಸ್ನೇಹ ಮಾಡಿಕೊಳ್ಳುವುದು’ ಎಂದರೆ ಸುಟ್ಟು ಬೂದಿ ಮಾಡುವುದು ಎಂದೇ ಅರ್ಥವಾಯಿತು. ಗುಂಡಮ್ ಯುದ್ಧಯಂತ್ರಕ್ಕಿದ್ದ ‘ಬಿಳಿ ದೆವ್ವ’ ಎಂಬ ಬಿರುದನ್ನು ಒಂಬತ್ತು ವರ್ಷದ ಈ ಹುಡುಗಿಗೆ ತೊಡಿಸಿದರು.

ಆ ಧಾರಾವಾಹಿಯ ನಿರ್ದೇಶಕ ಅಕಿಯುಕಿ ಶಿನ್ಬೊ. 2011ರಲ್ಲಿ ‘ಮಾದೊಕಾ ಮಾಜಿಕಾ’ ಮಾಡಿದವರೂ ಅವರೇ, ಬರೆದವರು ಗೆನ್ ಉರೊಬುಚಿ. ಮುದ್ದು ಮುಖದ ಬಿಳಿ ಪ್ರಾಣಿಯೊಂದು ಹುಡುಗಿಯರ ಬಳಿ ಬಂದು ಒಪ್ಪಂದಕ್ಕೆ ಕರೆಯುತ್ತದೆ. ಒಂದು ಆಸೆ ಕೇಳಿಕೋ, ಮಾಯಾಬಾಲೆಯಾಗು. ಒಪ್ಪಂದದ ಸಣ್ಣ ಅಕ್ಷರಗಳನ್ನು ಮಾತ್ರ ಅದು ಓದಿ ಹೇಳುವುದಿಲ್ಲ. ಅಭಿಮಾನಿಗಳು ಅದನ್ನು ಮನೆ ಬಾಗಿಲಿಗೆ ಬರುವ ವಿಮೆ ಏಜೆಂಟನಂತೆ ಆಡಿಕೊಂಡದ್ದು ತೀರ ಸಹಜ. ಮೂರನೆಯ ಕಂತಿನಲ್ಲಿ ಮಾಮಿ ಎಂಬ ಹುಡುಗಿಯ (ನಮ್ಮ ಕಿವಿಗೆ ಅತ್ತೆಯೊಬ್ಬರ ನೆನಪು ತರುವ ಹೆಸರು) ತಲೆಯನ್ನು ಪಿಶಾಚಿ ಕಚ್ಚಿಹಾಕುತ್ತದೆ. ಜಪಾನಿನ ಅಭಿಮಾನಿಗಳು ಆ ಹೆಸರನ್ನೇ ಕ್ರಿಯಾಪದ ಮಾಡಿಕೊಂಡರು. ‘ಮಾಮಿರು’ ಎಂದರೆ ತಲೆ ಕಳೆದುಕೊಳ್ಳುವುದು. ಆಘಾತವಾದಾಗ ಬಾಯಿಂದ ಬರುವ ನಗು ಅದು, ಸಾವಿನ ಮನೆಯ ಹಿತ್ತಲಲ್ಲಿ ಕೇಳಿಸುತ್ತದಲ್ಲ, ಅಂಥದ್ದು. ಈ ಕತೆಗಳ ಮುಗ್ಧತೆಯನ್ನು ನೋಡಿ ‘ಇದರಲ್ಲಿ ಲಾಭ ಯಾರಿಗೆ?’ ಎಂದು ಗೇಲಿ ಮಾಡುತ್ತಿದ್ದ ಪ್ರಶ್ನೆಯನ್ನು ‘ಮಾದೊಕಾ’ ಒಂದಿಷ್ಟೂ ನಗದೆ ಕೇಳಿತು.

ಇನ್ನೊಂದು ನಗುವಿನ ಕತೆ ಹೇಳಬೇಕು, ನನಗೆ ಬಹಳ ಪ್ರಿಯವಾದದ್ದು. ‘ಸೈಲರ್ ಮೂನ್’ನಲ್ಲಿ ಹಾರುಕಾ ಮತ್ತು ಮಿಚಿರು ಎಂಬ ಇಬ್ಬರು ಹೆಂಗಸರು ಪ್ರೇಮಿಗಳು. 2000ದಲ್ಲಿ ಇಂಗ್ಲಿಷಿಗೆ ಡಬ್ ಮಾಡಿದವರು ಹೆದರಿ ಅವರನ್ನು ಕಸಿನ್‌ಗಳನ್ನಾಗಿ ಮಾಡಿದರು. ಮಾತು ಬದಲಾಯಿತು, ಚಿತ್ರ ಬದಲಾಗಲಿಲ್ಲ. ಅದೇ ನೋಟ, ಅದೇ ಸಲಿಗೆ. ಅಮೆರಿಕ, ಕೆನಡಾಗಳ ಅಭಿಮಾನಿಗಳು ಬಿದ್ದು ಬಿದ್ದು ನಕ್ಕರು. ಎಲ್ಲಿ ಇಬ್ಬರು ಹೆಂಗಸರು ತುಸು ಹತ್ತಿರ ಕೂತರೂ ‘ಓಹೋ, ಕಸಿನ್ನುಗಳು!’ ಎನ್ನುವುದು ಅವರಲ್ಲಿ ಗಾದೆಯೇ ಆಯಿತು. (ಸೋದರಮಾವನ ಮಗಳನ್ನೇ ಮದುವೆಯಾಗುವ ನಮ್ಮ ಕಡೆ ಈ ತಿದ್ದುಪಡಿಯಿಂದ ಏನನ್ನೂ ಮುಚ್ಚಿದಂತಾಗುತ್ತಿರಲಿಲ್ಲ!) ನಕ್ಕವರಲ್ಲಿ ಅಂಥ ಪ್ರೀತಿಯನ್ನು ಮನೆಯಲ್ಲಿ ಹೇಳಿಕೊಳ್ಳಲಾಗದೆ ಬೆಳೆಯುತ್ತಿದ್ದ ಹುಡುಗಿಯರೂ ಇದ್ದರು. ಮೇಲಿನವರು ಅಳಿಸಿದ್ದನ್ನು ಆ ಜೋಕು ವರ್ಷಗಟ್ಟಲೆ ನೆನಪಿನಲ್ಲಿಟ್ಟಿತು. 2014ರಿಂದ ವಿಜ್ ಮೀಡಿಯಾ ಇಡೀ ಧಾರಾವಾಹಿಯನ್ನು ಹೊಸದಾಗಿ ಡಬ್ ಮಾಡಿಸಿದಾಗ ಅವರಿಬ್ಬರೂ ಮತ್ತೆ ಪ್ರೇಮಿಗಳಾದರು.

ಗಂಡು ಹುಡುಗರೇ ಝರಿಯಂಗಿ ತೊಟ್ಟು ಪ್ರೀತಿಯ ಮಂತ್ರ ಹೇಳುವ 2015ರ ‘ಕ್ಯೂಟ್ ಹೈ ಅರ್ತ್ ಡಿಫೆನ್ಸ್ ಕ್ಲಬ್’ ಹೊತ್ತಿಗೆ ಚಕ್ರ ಇನ್ನೊಂದು ಸುತ್ತು ತಿರುಗಿತ್ತು. ಅಲ್ಲಿ ಗುಲಾಬಿ ಬಣ್ಣದ ವೊಂಬ್ಯಾಟ್ ಒಂದು ಸ್ನಾನದ ತೊಟ್ಟಿಗೆ ಬಂದು ಹುಡುಗರನ್ನು ಕಾಡುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಅವರು ಪಡುವ ಪಾಡಿಗೆ ಕೂತು ನಗುವವರು ಹೆಚ್ಚಾಗಿ ಹುಡುಗಿಯರು.

ರಜೆ ಮುಗಿಯುವ ಹಿಂದಿನ ದಿನ ಹಜಾರದಲ್ಲಿ ಗದ್ದಲ ಕೇಳಿ ಇಣುಕಿದೆ. ಅಕ್ಕನ ಮಗಳು ಅಮ್ಮನ ವೇಲು ಸುತ್ತಿಕೊಂಡು ಗಿರಗಿರ ತಿರುಗುತ್ತಿದ್ದಳು. ರಾಕ್ಷಸನಾಗಿದ್ದ ತಮ್ಮ ಸೋಫಾದ ಮೇಲೆ ಕೂತು ಆಕಳಿಸುತ್ತಾ, ಇಲ್ಲದ ಗಡಿಯಾರವನ್ನು ಕೈಯಲ್ಲಿ ನೋಡಿಕೊಳ್ಳುತ್ತಿದ್ದ. “ಏಯ್, ಇನ್ನೂ ಓಲೆ ಬಂದಿಲ್ಲ, ತಡಿಯೋ!” ಎಂದು ಕೂಗಿದವಳಿಗೆ ನಗು ಉಕ್ಕಿಬಂದು ತಿರುಗುವುದೇ ನಿಂತುಹೋಯಿತು. ಆಗ ಬಾಗಿಲಲ್ಲಿದ್ದ ನಾನು ಕಂಡೆ.

“ಮಾಮ, ಬಾ ಇಲ್ಲಿ. ಇವ್ನಿಗೆ ಸರ್ಯಾಗಿ ಕಾಯೋಕೆ ಬರಲ್ಲ. ನೀನು ರಾಕ್ಷಸ ಆಗು.”

ನಾನು ಹೋಗಿ ಬಾಯಿ ತೆರೆದು ನಿಂತೆ.