ಎಡದೊರೆ ನಾಡಿನ ಜಲಾಧಿಕಾರ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಎಡದೊರೆ ನಾಡು ಎರಡು ಶತಮಾನಗಳ ಕಾಲ ಸಾಮ್ರಾಜ್ಯಗಳ ರಣಭೂಮಿಯಾಗಿತ್ತು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಇದಕ್ಕಾಗಿ ರಕ್ತ ಹರಿಸಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯವನ್ನು ಭಂಗಿಸಿದ್ದೂ ಇದೇ ನೆಲದ ಒಡೆತನಕ್ಕಾಗಿ. ಆದರೆ ಖಡ್ಗ ಹಿಡಿದ ಆ ಅರಸರೇ ನೀರನ್ನೂ ಆಳಬಲ್ಲವರಾಗಿದ್ದರು. ಒಂದನೆಯ ದೇವರಾಯನು ತುಂಗಭದ್ರೆಗೆ ಅಡ್ಡಲಾಗಿ ಒಡ್ಡು ಕಟ್ಟಿಸಿ ರಾಜಧಾನಿಗೆ ನೀರು ತಂದನು. ಹಿಟ್ನಾಳದ ನೆರೆಯ ಹುಲಿಗಿ, ಶಿವಪುರಗಳಿಂದ ಆನೆಗೊಂದಿ, ಗಂಗಾವತಿಯವರೆಗೆ ಎಡದಡದಲ್ಲಿ ಆ ಯುಗದ ಕಾಲುವೆಗಳು ಹಬ್ಬಿದವು. 1565ರ ರಕ್ಕಸತಂಗಡಿಯ ಕದನ ಮಹಾನಗರವನ್ನು ಹಾಳುಗೆಡವಿತು. ಸಿಂಹಾಸನ ಉರುಳಿತು, ಕಾಲುವೆಗಳು ಮಾತ್ರ ಬತ್ತಲಿಲ್ಲ. ವಿಜಯನಗರದ ವೈಭವವನ್ನು ಹಂಪಿಯ ಕಲ್ಲುಗಳಲ್ಲಿ ಹುಡುಕುವವರು ಈ ಗದ್ದೆಗಳ ನೀರಿನಲ್ಲೂ ಹುಡುಕಬೇಕು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ ಕೊಪ್ಪಳ ಅವನಲ್ಲೇ ಉಳಿಯಿತು, ನದಿ ಎರಡು ರಾಜ್ಯಗಳ ಗಡಿಯಾಯಿತು. ಕ್ಷಾಮಪೀಡಿತ ಸೀಮೆಗೆ ತುಂಗಭದ್ರೆಯನ್ನು ತಿರುಗಿಸುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದರು. ಆದರೂ ನೀರಿನ ಪಾಲಿನ ವಾದದಲ್ಲಿ ಎಂಬತ್ತಕ್ಕೂ ಹೆಚ್ಚು ವರ್ಷ ಸಂದವು, ಬರಗಳು ಬಂದುಹೋದವು. 1944ರಲ್ಲಿ ಹೈದರಾಬಾದ್ ಮತ್ತು ಮದ್ರಾಸು ಒಪ್ಪಂದಕ್ಕೆ ಬಂದವು. 1945ರ ಫೆಬ್ರವರಿ 28ರಂದು ಎಡದಡದಲ್ಲಿ ನಿಜಾಮನ ಮಗ ಬಿರಾರಿನ ರಾಜಕುಮಾರ, ಬಲದಡದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಹೀಗೆ ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆಗಳು ನಡೆದವು. ಆ ಇಬ್ಬರಲ್ಲಿ ಯಾರಿಗೂ ತಮ್ಮ ಪ್ರಭುತ್ವದ ಆಯುಷ್ಯ ಎಷ್ಟು ಅಲ್ಪವೆಂಬುದು ತಿಳಿದಿರಲಿಕ್ಕಿಲ್ಲ. 1947ರಲ್ಲಿ ಬ್ರಿಟಿಷರು ನಿರ್ಗಮಿಸಿದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಭಾರತದಲ್ಲಿ ವಿಲೀನವಾಯಿತು. ಕಟ್ಟಡ ಮಾತ್ರ ಏಳುತ್ತಲೇ ಹೋಯಿತು. ಮದ್ರಾಸಿನ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ಯರ ದಕ್ಷತೆಯಲ್ಲಿ, ಹೆಸರು ಉಳಿಯದ ಸಾವಿರಾರು ಕಲ್ಲುಕುಟಿಗರ ಬೆವರಿನಲ್ಲಿ, ಕಲ್ಲು ಮತ್ತು ಸುರ್ಕಿ ಗಾರೆಯ ಆ ಗೋಡೆ 2,441 ಮೀಟರ್ ಉದ್ದಕ್ಕೆ, 49 ಮೀಟರ್ ಎತ್ತರಕ್ಕೆ ನಿಂತಿತು. ಅದರ ಬೆನ್ನಿಗೆ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಊರು ತನ್ನ ಮನೆಮಠಗಳನ್ನು ತೊರೆದು ಮರಿಯಮ್ಮನಹಳ್ಳಿಗೆ ನಡೆಯಿತು. ನಮ್ಮ ಹೊಲಗಳ ಹಸಿರಿನಲ್ಲಿ ಆ ಊರವರ ತ್ಯಾಗದ ಋಣವಿದೆ. ಅದು ಇನ್ನೂ ಪೂರ್ಣವಾಗಿ ಸಂದಾಯವಾಗಿಲ್ಲವೆಂದೇ ನನ್ನ ಭಾವನೆ.

1953ರ ಜುಲೈ 1ರಂದು ಕಾಲುವೆಗಳಿಗೆ ನೀರು ಹರಿಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮದ್ರಾಸು ರಾಜ್ಯವೇ ಒಡೆದು ಆಂಧ್ರ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಸೇರಿತು. ಕಟ್ಟಿದ ರಾಜ್ಯಗಳೇ ಅಳಿಯುತ್ತಿರಲು ಅಣೆಕಟ್ಟಿಗೆ ವಾರಸುದಾರರು ಯಾರು? ಆಂಧ್ರ ರಾಜ್ಯ ಕಾಯ್ದೆಯ 66ನೆಯ ಕಲಮಿನಡಿ ಹುಟ್ಟಿದ ತುಂಗಭದ್ರಾ ಮಂಡಳಿಯೇ ಇದಕ್ಕೆ ದೊರೆತ ಉತ್ತರ. ಜನರ ಬಾಯಲ್ಲಿ ಅದು ಬರಿಯ ‘ಬೋರ್ಡು’. ಜಲಾಶಯವನ್ನು ಕಾಯುವುದು, ರಾಜ್ಯಗಳ ಪಾಲನ್ನು ಅಳೆದು ಕೊಡುವುದು, ಇಳಿವ ನೀರಿನಿಂದ ವಿದ್ಯುತ್ತನ್ನು ತೆಗೆಯುವುದು ಅದರ ಧರ್ಮ. ಅದರ ಎರಡು ವಿದ್ಯುದಾಗಾರಗಳ ಸಾಮರ್ಥ್ಯ 72 ಮೆಗಾವಾಟ್. ನಮ್ಮ ಮುನಿರಾಬಾದಿನ ವಿದ್ಯುದಾಗಾರ ಕರ್ನಾಟಕದ್ದು, ಅದರದು 28. ಎಡದಂಡೆ ನಾಲೆ 227 ಕಿಲೋಮೀಟರ್ ಸಾಗಿ ಗಂಗಾವತಿ, ಸಿಂಧನೂರುಗಳನ್ನು ಭತ್ತದ ಕಣಜವಾಗಿಸಿತು. ಎತ್ತರದ ಯಲಬುರ್ಗಾ, ಕುಷ್ಟಗಿಗಳಿಗೆ ಆ ಭಾಗ್ಯ ದೊರೆಯಲಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಒಂದು ಅಂಗದಲ್ಲಿ ಎರಡು ಬೆಳೆ, ಇನ್ನೊಂದರಲ್ಲಿ ಮುಗಿಲು ನೋಡುವ ಬಾಳು. ಈ ಭೇದ ಚರಿತ್ರೆಯ ಅಪೂರ್ಣ ಅಧ್ಯಾಯ.

ಕಾಲ ಅಣೆಕಟ್ಟನ್ನೂ ಬಿಡಲಿಲ್ಲ. 133 ಟಿಎಂಸಿ ಅಡಿಯ ಜಲಾಶಯದಲ್ಲಿ ಹೂಳು ತುಂಬಿ ಈಗ 105 ಚಿಲ್ಲರೆ ಉಳಿದಿದೆ. ನಷ್ಟ ತುಂಬಿಸಲೆಂದು ಯೋಜಿಸಿದ ನವಲಿಯ ಸಮತೋಲನ ಜಲಾಶಯ ಇನ್ನೂ ಮಾತಿನಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿತುಳುಕುತ್ತಿದ್ದಾಗ, 19ನೆಯ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ಪ್ರವಾಹದ ನಡುವೆಯೇ, ಕಾರ್ಮಿಕರು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ಆ ಬಾಯಿ ಮುಚ್ಚಿದರು. ಕರ್ನಾಟಕದ ನಾಲ್ಕು ಜಿಲ್ಲೆಗಳ ರೈತರ ಬೆಳೆ ಉಳಿಯಿತು. 33 ಗೇಟುಗಳನ್ನೂ ಬದಲಿಸಬೇಕೆಂಬ ನಿರ್ಣಯ ಆ ಬಳಿಕವೇ ಬಂದದ್ದು.