ಅಂತರಪಟ, ರಾಣಿಯ ನಡುಕ ಮತ್ತು ಮದುವೆ ಫೋಟೋದ ಟೈಮ್ ಟೇಬಲ್

ಅಮೆರಿಕದ ಮದುವೆ ಫೋಟೋಗ್ರಾಫರುಗಳು 'ಫಸ್ಟ್ ಲುಕ್' ಅಂತ ಒಂದು ಪದ ಬಳಸ್ತಾರೆ. ಮದುವೆಗೆ ಒಂದೆರಡು ಗಂಟೆ ಮುಂಚೆ ಯಾವುದೋ ಮರದಡಿ ಹುಡುಗನನ್ನ ಆ ಕಡೆ ಮುಖ ಮಾಡಿಸಿ ನಿಲ್ಲಿಸೋದು, ಸಿಂಗಾರವಾದ ಹುಡುಗಿ ಹಿಂದಿನಿಂದ ಬಂದು ಭುಜ ತಟ್ಟೋದು, ಅವನು ತಿರುಗಿ ನೋಡೋದು... ಕ್ಲಿಕ್! ಜೋಡಿ ಫೋಟೋಗಳೆಲ್ಲ ಮದುವೆಗೆ ಮೊದಲೇ ಮುಗಿದುಬಿಡುತ್ತವೆ. ಇದೆಲ್ಲ ಬೇಡ, ಮೊದಲ ನೋಟ ಚರ್ಚಿನಲ್ಲೇ ಆಗಲಿ ಅನ್ನುವವರ ಮದುವೆಗೆ ಟೈಮ್ ಟೇಬಲ್ ಹಾಕೋದೇ ತಲೆನೋವು. ಆದರೆ ಹಿಂದೆಲ್ಲ ಮದುವೆಗಳು ನಡೆದದ್ದು ಹಾಗೇ ತಾನೆ?

ವಿಕ್ಟೋರಿಯಾ ರಾಣಿಯ ಮದುವೆ ಆದದ್ದು 1840ರ ಫೆಬ್ರವರಿ 10ರಂದು. ಡಗೆರೋಟೈಪ್ ಜಗತ್ತಿಗೆ ಗೊತ್ತಾಗಿ ಆಗಿನ್ನೂ ವರ್ಷ ತುಂಬಿತ್ತಷ್ಟೆ. ಅವಳ ಮದುವೆಯ ಫೋಟೋ ಇಲ್ಲ. ಇಂಟರ್ನೆಟ್ಟಿನಲ್ಲಿ 'ರಾಣಿಯ ಮದುವೆ ಫೋಟೋ' ಅಂತ ಓಡಾಡುವ ಚಿತ್ರ ರೋಜರ್ ಫೆಂಟನ್ 1854ರಲ್ಲಿ ತೆಗೆದದ್ದು. ಅಷ್ಟರಲ್ಲಿ ಮದುವೆಯಾಗಿ ಹದಿನಾಲ್ಕು ವರ್ಷ, ಮನೆ ತುಂಬ ಮಕ್ಕಳು :-)

ನನಗೆ ಇಷ್ಟವಾದದ್ದು ಇನ್ನೊಂದು ಫೋಟೋ. 1858ರ ಜನವರಿ 25, ರಾಣಿಯ ಹಿರಿಮಗಳ ಮದುವೆಯ ದಿನ. ಚರ್ಚಿಗೆ ಹೊರಡುವ ಮುನ್ನ ಟಿ. ಆರ್. ವಿಲಿಯಮ್ಸ್ ಅನ್ನುವವನು ಮದುಮಗಳನ್ನ ಅಪ್ಪ ಅಮ್ಮನ ಜೊತೆ ನಿಲ್ಲಿಸಿ ಡಗೆರೋಟೈಪ್ ತೆಗೆದ. ಅದರಲ್ಲಿ ಮದುಮಗ ಇಲ್ಲ, ಇರಬೇಕಾಗಿಯೂ ಇರಲಿಲ್ಲ. ಮಗಳು ಸ್ಪಷ್ಟವಾಗಿ ಕಾಣ್ತಾಳೆ, ರಾಣಿಯ ಮುಖ ಮಾತ್ರ ಮಸುಕು. ತಾನು ನಡುಗುತ್ತಿದ್ದೆ, ಅದಕ್ಕೇ ಚಿತ್ರ ಸರಿಯಾಗಿ ಬಂದಿಲ್ಲ ಅಂತ ಅವಳೇ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಅರ್ಧ ಭೂಮಿ ಆಳುತ್ತಿದ್ದವಳು ಮಗಳನ್ನ ಕಳಿಸಿಕೊಡುವಾಗ ಎರಡು ಗಳಿಗೆ ಅಲುಗಾಡದೆ ನಿಲ್ಲಲಾಗಲಿಲ್ಲ. ಇವತ್ತಿನ ಕ್ಯಾಮೆರಾ ಇದ್ದಿದ್ದರೆ ಮುಖ ಚೊಕ್ಕವಾಗಿ ಬರ್ತಿತ್ತು, ನಡುಕ ಸಿಗ್ತಿರಲಿಲ್ಲ.

ಸಾಮಾನ್ಯ ಜನರಿಗೆ ಇಷ್ಟೂ ಇರಲಿಲ್ಲ. 1851ರಲ್ಲಿ ಬಂದ ಒದ್ದೆ ಪ್ಲೇಟನ್ನ ಒಣಗುವ ಮುಂಚೆಯೇ ಡೆವಲಪ್ ಮಾಡಬೇಕಿತ್ತು. ಅದನ್ನೆಲ್ಲ ಚರ್ಚಿಗೆ ಹೊತ್ತುಕೊಂಡು ಹೋಗೋರು ಯಾರು? ಜೋಡಿಯೇ ಸ್ಟುಡಿಯೋಗೆ ಹೋಗ್ತಿತ್ತು. ಗಾಜಿನ ಮಾಡು, ಹಗಲು ಬೆಳಕು, ಅಷ್ಟೇ. ಇಂಗ್ಲೆಂಡಿನ ಕಾನೂನು ಇದಕ್ಕೆ ಗೊತ್ತಿಲ್ಲದೆಯೇ ಸಹಾಯ ಮಾಡಿತ್ತು: ಕೆಲವು ರಿಯಾಯಿತಿ ಬಿಟ್ಟರೆ ಮದುವೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರೊಳಗೇ ಆಗಬೇಕು. ಮುಗಿಸಿ ಬಂದರೂ ಬಿಸಿಲು ಉಳಿದಿರುತ್ತಿತ್ತು. 1886ರಲ್ಲಿ ಗಡುವು ಮಧ್ಯಾಹ್ನ 3ಕ್ಕೆ ಹೋಯಿತು, 1934ರಲ್ಲಿ ಸಂಜೆ 6ಕ್ಕೆ. (2012ರ ಕಾನೂನಿನಿಂದ ಆ ಗಡುವೂ ಹೋಯಿತು.) ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ನಾಲ್ಕಕ್ಕೆ ಮುಂಚೆಯೇ ಮುಳುಗ್ತಾನೆ. 3ಕ್ಕೆ ಮದುವೆಯಾದವರಿಗೆ ಹೊರಗಡೆ ಜೋಡಿ ಫೋಟೋ ಎಲ್ಲಿಂದ ಬರಬೇಕು?

1930ರ ಸುಮಾರಿಗೆ ಫ್ಲ್ಯಾಶ್ ಬಲ್ಬ್ ಬಂತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅದನ್ನೂ ಕೈಯಲ್ಲಿ ಹಿಡಿಯುವ ಕ್ಯಾಮೆರಾವನ್ನೂ ತೆಗೆದುಕೊಂಡು ಫೋಟೋಗ್ರಾಫರೇ ಮದುವೆಗೆ ಬರತೊಡಗಿದ. ಪ್ರಾರ್ಥನೆ ನಡೆಯುವಾಗ ಫ್ಲ್ಯಾಶ್ ಹೊಡೆಯಬೇಡಿ ಅಂತ ಎಷ್ಟೋ ಪಾದ್ರಿಗಳ ಕಟ್ಟಪ್ಪಣೆ. ಸರಿ, ಮದುವೆ ಮುಗಿದ ಮೇಲೆ ಜೋಡಿಯನ್ನ ಮತ್ತೆ ವೇದಿಕೆ ಮುಂದೆ ನಿಲ್ಲಿಸಿ, ಆದದ್ದನ್ನೇ ಇನ್ನೊಮ್ಮೆ ಆಡಿಸೋದು! ನೆಂಟರು ಕುಡಿಯೋಕೆ, ತಿನ್ನೋಕೆ ಹೋದ ಆ ಒಂದು ಗಂಟೆಯಲ್ಲಿ ಎರಡೂ ಕಡೆಯ ಮನೆಯವರು, ಜೋಡಿ, ಗೆಳೆಯರು, ಎಲ್ಲ ಮುಗಿಯಬೇಕು. ಫಸ್ಟ್ ಲುಕ್ ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರ. ಅದು ಬೇಡ ಅಂದರೆ ದಾರಿ 1858ರದ್ದೇ: ಹುಡುಗಿಯನ್ನ ಅವಳ ಮನೆಯವರ ಜೊತೆ, ಹುಡುಗನನ್ನ ಅವನ ಮನೆಯವರ ಜೊತೆ ಬೇರೆ ಬೇರೆ ಮೊದಲೇ ತೆಗೆದುಬಿಡಿ. ಎರಡೂ ಮನೆಯವರು ಸೇರಿದ ಫೋಟೋ ಮದುವೆ ಮುಗಿದ ತಕ್ಷಣ, ಯಾರೂ ಊಟಕ್ಕೆ ಚದುರುವ ಮುಂಚೆ. ಸೂರ್ಯ ಮುಳುಗುವ ಹೊತ್ತನ್ನ ನೋಡಿಕೊಂಡು ಹಿಂದಕ್ಕೆ ಲೆಕ್ಕ ಹಾಕಿ ಜೋಡಿಗೆ ಅರ್ಧ ಗಂಟೆ.

ನಮ್ಮಲ್ಲಿ ಈ ಗಡಿಯಾರ ಪಂಚಾಂಗದ ಕೈಯಲ್ಲಿದೆ. ಬೆಂಗಳೂರಿನ ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆಯೇ ರಿಸೆಪ್ಷನ್, ಜೋಡಿ ಮೂರು ಗಂಟೆ ಒಟ್ಟಿಗೆ ನಿಂತು ಕೈ ಕುಲುಕಿರುತ್ತೆ. ಆದರೂ ಬೆಳಿಗ್ಗೆ ಮಧ್ಯೆ ಅಂತರಪಟ ಹಿಡಿದಾಗ ಇಬ್ಬರೂ ಇನ್ನೂ ನೋಡೇ ಇಲ್ಲ ಅನ್ನೋ ಹಾಗೆ ಜೀರಿಗೆ-ಬೆಲ್ಲ ಹಿಡಿದು ಕಾಯ್ತಾರೆ. ಮಂಗಳಾಷ್ಟಕ ಮುಗಿಯುತ್ತೆ, ಗಟ್ಟಿಮೇಳ, ಪರದೆ ಸರಿಯುತ್ತೆ. ಮುಹೂರ್ತ ಯಾರಿಗೂ ಕಾಯಲ್ಲ. 'ಭಟ್ರೇ, ಇನ್ನೊಂದ್ಸಲ ಪರದೆ ಹಿಡೀರಿ' ಅನ್ನುವ ಧೈರ್ಯವಂತ ಫೋಟೋಗ್ರಾಫರುಗಳೂ ಇದ್ದಾರೆ, ಅದು ಬೇರೆ ಮಾತು.

ಅಲ್ಲಿ ಬೇಕಾದದ್ದು ಪರದೆಯ ಆಚೆಗೊಂದು ಈಚೆಗೊಂದು ಎರಡು ಕ್ಯಾಮೆರಾ. ಒಂದೇ ಇದ್ದರೆ ಒಂದೇ ಮುಖ ಸಿಗೋದು. ನಿಮ್ಮ ಆಲ್ಬಮ್ಮಿನಲ್ಲಿ ಸಿಕ್ಕಿದ್ದು ಯಾರದು? ಅಪ್ಪ-ಅಮ್ಮನ ಆಲ್ಬಮ್ಮನ್ನೂ ಒಮ್ಮೆ ತೆಗೆದು ನೋಡಿ, ಕಾಮೆಂಟಿನಲ್ಲಿ ಹೇಳಿ.