ಸಿವಿಲ್ ಎಂಜಿನಿಯರಿಂಗ್ ಪದವಿ ಶಿಕ್ಷಣ

ಸಿವಿಲ್ ಎಂಜಿನಿಯರಿಂಗ್ ಪದವಿಯು ಕಟ್ಟಡ, ರಸ್ತೆ, ಸೇತುವೆ, ಅಣೆಕಟ್ಟು, ನೀರು ಸರಬರಾಜು ಮೊದಲಾದ ನಿರ್ಮಾಣಗಳ ಯೋಜನೆ, ವಿನ್ಯಾಸ ಹಾಗೂ ನಿರ್ವಹಣೆಯನ್ನು ಬೋಧಿಸುವ ನಾಲ್ಕು ವರ್ಷಗಳ ವ್ಯಾಸಂಗ. ಕರ್ನಾಟಕದಲ್ಲಿ ಇದು ಬಿ.ಇ. ಎಂದೇ ಪರಿಚಿತ. ಶಿವಮೊಗ್ಗ–ಭದ್ರಾವತಿ ಪರಿಸರವನ್ನು ವಿಶೇಷವಾಗಿ ಗಮನದಲ್ಲಿರಿಸಿ ಈ ವ್ಯಾಸಂಗವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಅವರು ಬೆಂಗಳೂರಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿ, ಪುಣೆಗೆ ತೆರಳಿ ಎಂಜಿನಿಯರಿಂಗ್ ಕಲಿತರು. ಈ ಕೊರತೆ ನೀಗಿದ್ದು ಅವರು ದಿವಾನರಾಗಿದ್ದಾಗ, 1917ರಲ್ಲಿ ಬೆಂಗಳೂರಿನಲ್ಲಿ ಕಾಲೇಜು ಆರಂಭವಾದಾಗ. ಮುಂದೆ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆಗಿದ್ದರು.

ಶಿವಮೊಗ್ಗದಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿಯು 1980ರಲ್ಲಿ ಜವಾಹರಲಾಲ್ ನೆಹರೂ ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿತು. ಸವಳಂಗ ರಸ್ತೆಯ ನವುಲೆಯಲ್ಲಿರುವ ಈ ಕಾಲೇಜು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. ಇದರಿಂದ ದುರ್ಗಿಗುಡಿಯ ಮನೆಯಲ್ಲೇ ಇದ್ದುಕೊಂಡು ಎಂಜಿನಿಯರಿಂಗ್ ಓದುವುದು ಸಾಧ್ಯವಾಯಿತು. ಬೆಂಗಳೂರಿನ ಹಾಸ್ಟೆಲ್ ವೆಚ್ಚ ಭರಿಸಲಾರದ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ.

ಪ್ರವೇಶ

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದವರು ಸಿಇಟಿ ಮೂಲಕ ಸೀಟು ಪಡೆಯುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವರಿಗೆ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶವುಂಟು. ಇವರು ಗಣಿತದಲ್ಲಿ ತುಸು ಹಿಂದುಳಿದರೂ ನಕ್ಷೆ ಮತ್ತು ಅಳತೆಯಲ್ಲಿ ಸಾಮಾನ್ಯವಾಗಿ ಮುಂದಿರುತ್ತಾರೆ.

ಪಠ್ಯಕ್ರಮ

ವ್ಯಾಸಂಗ ಎಂಟು ಸೆಮಿಸ್ಟರ್‌ಗಳದ್ದು. ಮೊದಲ ವರ್ಷದ ಗಣಿತ ಮತ್ತು ಮೂಲವಿಜ್ಞಾನಗಳ ನಂತರ ಸರ್ವೇಕ್ಷಣೆ, ವಸ್ತುಗಳ ಬಲ, ದ್ರವ ಯಂತ್ರಶಾಸ್ತ್ರ, ಭೂವಿಜ್ಞಾನ, ಮಣ್ಣಿನ ಯಂತ್ರಶಾಸ್ತ್ರ, ರಚನೆಗಳ ವಿಶ್ಲೇಷಣೆ, ಹೆದ್ದಾರಿ ಹಾಗೂ ಪರಿಸರ ಎಂಜಿನಿಯರಿಂಗ್, ಅಂದಾಜುಪಟ್ಟಿ ಮುಂತಾದವು ಬರುತ್ತವೆ. ಕಬ್ಬಿಣ ಬಳಸಿದ ಕಾಂಕ್ರೀಟಿನ ವಿನ್ಯಾಸಕ್ಕೆ ಐ.ಎಸ್. 456, ಉಕ್ಕಿನ ವಿನ್ಯಾಸಕ್ಕೆ ಐ.ಎಸ್. 800 ಸಂಹಿತೆಗಳು ಆಧಾರ.

ಕಾಂಕ್ರೀಟ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು 150 ಮಿ.ಮೀ. ಬದಿಯ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿ ಇಟ್ಟು, 7 ಮತ್ತು 28 ದಿನಗಳ ನಂತರ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಘನದ ಒಂದು ಮುಖದ ವಿಸ್ತೀರ್ಣ 22,500 ಚದರ ಮಿ.ಮೀ. ಆದ್ದರಿಂದ ಚದರ ಮಿ.ಮೀ.ಗೆ 20 ನ್ಯೂಟನ್ ಬಲವುಳ್ಳ ಘನ ಒಡೆಯಲು 450 ಕಿಲೋನ್ಯೂಟನ್, ಅಂದರೆ ಸುಮಾರು 46 ಟನ್ ಭಾರ ಬೇಕು. ಅದೇ ಮಿಶ್ರಣಕ್ಕೆ ನೀರು ಹೆಚ್ಚು ಸುರಿದರೆ ಘನ ಇದಕ್ಕಿಂತ ಬಹಳ ಮೊದಲೇ ಒಡೆಯುತ್ತದೆ.

ಸರ್ವೇಕ್ಷಣಾ ಶಿಬಿರ

ಹಳೆಯ ವಿದ್ಯಾರ್ಥಿಗಳು ಹೆಚ್ಚಾಗಿ ನೆನೆಯುವುದು ಸರ್ವೇ ಕ್ಯಾಂಪನ್ನು. ಇದರಲ್ಲಿ ಸಾಂಪ್ರದಾಯಿಕವಾಗಿ ನಾಲ್ಕು ಕಾರ್ಯಗಳಿವೆ: ಹೊಸ ಕೆರೆ, ಹಳೆಯ ಕೆರೆಯ ಪುನಶ್ಚೇತನ, ಗ್ರಾಮದ ನೀರು ಸರಬರಾಜು ಮತ್ತು ಒಳಚರಂಡಿ, ಹಾಗೂ ಹೆದ್ದಾರಿ. ವಿದ್ಯಾರ್ಥಿಗಳು ತಂಡಗಳಾಗಿ ಲೆವೆಲ್, ಟೋಟಲ್ ಸ್ಟೇಷನ್ ಹಿಡಿದು ಬಿಸಿಲಿನಲ್ಲಿ ಮಟ್ಟ ತೆಗೆದು, ಸಮೋನ್ನತಿ ರೇಖೆಗಳನ್ನು ಎಳೆದು, ಕೆರೆ ಹಿಡಿಯುವ ನೀರಿನ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಒಂದು ಕಡೆ ಮಟ್ಟ ತಪ್ಪಾಗಿ ಓದಿದರೆ ಮುಂದಿನ ಲೆಕ್ಕಗಳೆಲ್ಲ ಕೆಡುತ್ತವೆ. ಮರುದಿನ ಅದೇ ಜಾಗಕ್ಕೆ ಹೋಗಿ ಮತ್ತೆ ಅಳೆಯಬೇಕು.

ಈ ದೃಷ್ಟಿಯಿಂದ ಜಿಲ್ಲೆಯ ಆಸುಪಾಸು ತಾನೇ ಒಂದು ಪಠ್ಯಪುಸ್ತಕ. ಗಾಜನೂರಿನಲ್ಲಿ ತುಂಗೆಗೆ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟುಗಳಿವೆ. ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1964ರ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದೆ. ನೀರು ತೀರಾ ಇಳಿದಾಗ ಮಾತ್ರ ಕಾಣುತ್ತದೆ.

ಬೋಧನಾ ಭಾಷೆ

ಬೋಧನೆ ಮತ್ತು ಪರೀಕ್ಷೆಗಳು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ಸೆಮಿಸ್ಟರ್‌ಗಳು ಕಠಿಣ; ವಿಷಯ ತಿಳಿದಿದ್ದರೂ ಬರೆಯಲಾಗದೆ ಅನುತ್ತೀರ್ಣರಾಗುವವರಿದ್ದಾರೆ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಬೋಧನೆಗೆ ಅವಕಾಶ ನೀಡಿತಾದರೂ, ಕನ್ನಡ ಮಾಧ್ಯಮಕ್ಕೆ ವಿದ್ಯಾರ್ಥಿಗಳ ಸ್ಪಂದನೆ ತೀರ ಕಡಿಮೆಯಾಗಿತ್ತು. ಆದರೆ ಈ ವಿದ್ಯಾರ್ಥಿಗಳು ಬರಿಗೈಯಲ್ಲಿ ಬರುವುದಿಲ್ಲ. ಹಳ್ಳಿಯ ಹುಡುಗನಿಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬವು ಬಾಲ್ಯದಿಂದ ಗೊತ್ತು. ಪುಸ್ತಕದ ಬಂಡ್, ಸ್ಲೂಯಿಸ್, ವೇಸ್ಟ್ ವಿಯರ್, ಕಮಾಂಡ್ ಏರಿಯಾ ಎಂದರೆ ಇವೇ ಎಂದು ಅಧ್ಯಾಪಕರು ಮೊದಲ ದಿನವೇ ತಿಳಿಸಿದರೆ ಅರ್ಧ ಅಂಜಿಕೆ ಕಳೆಯುತ್ತದೆ.

ಉದ್ಯೋಗ

ಪದವೀಧರರು ಲೋಕೋಪಯೋಗಿ, ಜಲಸಂಪನ್ಮೂಲ, ಪಂಚಾಯತ್ ರಾಜ್ ಇಲಾಖೆಗಳಲ್ಲಿ ಸಹಾಯಕ ಎಂಜಿನಿಯರ್ ಹುದ್ದೆಗೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬಹುದು. ಉನ್ನತ ವ್ಯಾಸಂಗಕ್ಕೆ ಗೇಟ್ ಪರೀಕ್ಷೆಯಿದೆ. ಖಾಸಗಿ ನಿರ್ಮಾಣ ಕ್ಷೇತ್ರದಲ್ಲಿ ಆರಂಭದ ಸಂಬಳ ಕಂಪ್ಯೂಟರ್ ಶಾಖೆಯವರಿಗಿಂತ ಸಾಮಾನ್ಯವಾಗಿ ಕಡಿಮೆ.